ಭರಮವ್ವನ ಹೆಪ್ಪು

ಗುತ್ತೆಪ್ಪ ಮೊಸರಿನ ಬಟ್ಟಲನ್ನು ಮೂಗಿನ ಹತ್ತಿರ ತಂದ, ಮೂಸಿದ, ಕೆಳಗಿಟ್ಟ. ಅರ್ಧ ರೊಟ್ಟಿ ಮುರಿದು ನೀರಿನ ಜೊತೆ ನುಂಗಿ ಎದ್ದುಬಿಟ್ಟ.

"ಯಾಕಪ್ಪ, ಇದೂ ಆಗಲಿಲ್ಲೇನು?" ಮಗಳು ರಾಜಶ್ರೀ ಕೇಳಿದಳು.

"ಛಲೋ ಐತಿ. ಹಸಿವಿಲ್ಲ."

ಹಸಿವಿಲ್ಲ ಎನ್ನುವ ಮನುಷ್ಯ ಅವನಲ್ಲ. ಹೆಂಡತಿ ಭರಮವ್ವ ಇರುವ ತನಕ ಊಟವೆಂದರೆ ರೊಟ್ಟಿ, ಪಲ್ಯ, ಕೊನೆಗೆ ಒಂದು ಬಟ್ಟಲು ಮೊಸರು, ಅದರ ಮೇಲೆ ಚಿಟಿಕೆ ಉಪ್ಪು. ಆ ಮೊಸರು ಹೊಟ್ಟೆಗಿಳಿದ ಮೇಲೆಯೇ ಅವನು ಕೈ ತೊಳೆಯುತ್ತಿದ್ದದ್ದು. ಈಗ ಭರಮವ್ವ ಮಣ್ಣು ಸೇರಿ ತಿಂಗಳಾಗುತ್ತ ಬಂದಿತ್ತು. ರಾಜಶ್ರೀ ಅಂಗಡಿಯ ಪ್ಯಾಕೆಟ್ ಮೊಸರು ತಂದು ನೋಡಿದಳು. ಶಿಗ್ಗಾಂವಿಯ ಖಾನಾವಳಿಯಿಂದ ಹೆಪ್ಪು ಬೇಡಿ ತಂದಳು. ಸವಣೂರಿನಲ್ಲಿ ಖಾರಾ ಮಾರುವ ದಾದಾಪೀರನ ಮನೆಯಿಂದಲೂ ತಂದು ಹಾಕಿದಳು. ಅಪ್ಪ ಒಂದೊಂದನ್ನೂ ಮೂಸಿ ಕೆಳಗಿಟ್ಟ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಪಾಡಿತ್ತು. ಅವನ ಅಂಗಿ ಈಗ ಗೂಟಕ್ಕೆ ನೇತುಹಾಕಿದ ಹಾಗೆ ಭುಜದ ಮೇಲೆ ನಿಲ್ಲುತ್ತಿತ್ತು. ಹೀಗೇ ಬಿಟ್ಟರೆ ಅವ್ವನ ಹಿಂದೆ ಅಪ್ಪನೂ ಹೋಗುತ್ತಾನೆ ಎಂಬುದು ರಾಜಶ್ರೀಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಅದು ತಲೆಯಲ್ಲಿತ್ತು, ಎದೆಗೆ ಇಳಿಯುತ್ತಿರಲಿಲ್ಲ.

ಊರಿನವರಿಗೆ ಬೇರೆಯೇ ಚಿಂತೆ. ಅವ್ವನನ್ನು ಮಣ್ಣು ಮಾಡಿದ ದಿನ ಈ ಹುಡುಗಿ ಅಳಲಿಲ್ಲ. ಅಳುವವರನ್ನು ಸಮಾಧಾನ ಮಾಡಿದಳು, ಬಂದವರಿಗೆ ಚಹಾ ಕೊಟ್ಟಳು, ಬಾಡಿಗೆಯ ಕುರ್ಚಿಗಳನ್ನು ಒರೆಸಿ ವಾಪಸು ಕಳಿಸಿದಳು. "ಕಾಲೇಜಿನ್ಯಾಗ ಕಲಸಾಕಿ, ಕಣ್ಣೀರು ಬಾಟ್ಲಿಯಾಗ ತುಂಬಿ ಇಟ್ಟಿರಬೇಕು" ಎಂದು ಬೋರಿನ ಹತ್ತಿರ ಹೆಂಗಸರು ಆಡಿಕೊಂಡರು. ಮಡಿಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ರಾಜಶ್ರೀಗೆ ಅದೂ ತಟ್ಟಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಹೇಗಾಗುತ್ತದೋ ಅವಳ ಮೈಮನಸ್ಸೆಲ್ಲ ಹಾಗಾಗಿತ್ತು. ಉಂಡದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ.

ಆ ಜೋಮು ಹಿಡಿದ ಮನಸ್ಸಿನಲ್ಲೂ ಒಂದು ಮಾತ್ರ ಮುಳ್ಳಾಗಿ ಉಳಿದಿತ್ತು. ಹೆಣ ಅಂಗಳ ದಾಟಿದ ಮೇಲೆ ನೆರೆಮನೆಯ ಶಾರವ್ವ ಬಾಗಿಲಲ್ಲಿ ನಿಂತು, "ರಾಜೀ, ಒಳಗಿಂದೆಲ್ಲಾ ಚೆಲ್ಲವ್ವ. ನೀರು, ಅಡಗಿ, ಏನೂ ಇಟ್ಕೋಬ್ಯಾಡ" ಎಂದಿದ್ದಳು. ಸತ್ತ ಮನೆಯಲ್ಲಿ ಹಾಗೆ ಮಾಡುವುದು ರೂಢಿ. ರಾಜಶ್ರೀ ಎಲ್ಲ ಚೆಲ್ಲಿದಳು. ಕೊಡದ ನೀರು, ಮಡಿಕೆಯ ಸಾರು, ನೆಲುವಿನ ಮೇಲಿದ್ದ ಮೊಸರಿನ ಗಡಿಗೆ. ಉಳಿದವರಾದರೆ ಚೆಲ್ಲಿ ಒಮ್ಮೆ ಗಲಬರಿಸಿ ಇಡುತ್ತಿದ್ದರು. ಇವಳು ಪ್ರಯೋಗಾಲಯದವಳು, ಆ ಗಡಿಗೆಯನ್ನು ಸೋಪು ಹಾಕಿ, ಬಿಸಿನೀರು ಹಾಕಿ, ಗಾಜಿನ ಪಾತ್ರೆ ತೊಳೆದಂತೆ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಭರಮವ್ವ ಮದುವೆಯಾಗಿ ಹಿರೇಕೆರೂರ ಕಡೆಯ ತವರಿನಿಂದ ಬರುವಾಗ ಬುತ್ತಿಯ ಜೊತೆ ತಂದ ಹೆಪ್ಪು ಅದು. ದಿನವೂ ಒಂದು ಚಮಚ ಉಳಿಸಿ ಮರುದಿನದ ಹಾಲಿಗೆ ಹಾಕುತ್ತ, ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಳು. ಮಗಳು ಅದನ್ನು ಒಂದೇ ಮಧ್ಯಾಹ್ನ ಮೋರಿಗೆ ಕಳಿಸಿದಳು.

ಅಂದು ಬೆಳಿಗ್ಗೆ ಅಪ್ಪನ ಬಟ್ಟಲನ್ನು ಹಾಗೆಯೇ ಮುಚ್ಚಿಟ್ಟು ರಾಜಶ್ರೀ ಬಸ್ಸು ಹಿಡಿದಳು. ಶಿಗ್ಗಾಂವಿಯ ಡಿಗ್ರಿ ಕಾಲೇಜೊಂದರಲ್ಲಿ ಅವಳು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಹೆಸರೇ ಹೇಳುವಂತೆ, ಯಾವಾಗ ಎದ್ದು ಹೋಗಬೇಕಾದೀತೋ ಗೊತ್ತಿಲ್ಲದ ನೌಕರಿ. ವಿಭಾಗದ ಮುಖ್ಯಸ್ಥರು ಮೃತ್ಯುಂಜಯ ಸರ್. ಅವರು ಕಂದು ಬಣ್ಣದ ಬಾಟಲಿಯೊಂದನ್ನು ಅವಳ ಮುಂದಿಟ್ಟರು.

"ಈ ಅಸಿಟನಿಲೈಡ್ ನೋಡ್ರಿ, ಬೆಳ್ಳಗ ಇರೂದು ಬೆಲ್ಲದ ಪುಡಿ ಆಗೇತಿ. ನಾಳೆ ಪ್ರಾಕ್ಟಿಕಲ್ ಪರೀಕ್ಷೆ ಐತಿ, ಹೊರಗಿನ ಪರೀಕ್ಷಕರು ಬರ್ತಾರ. ಇದನ್ನ ಕೊಟ್ರ ಹುಡುಗರ ಕರಗೂ ಬಿಂದು ಎಲ್ಲೋ ಹೋಗಿ ನಿಂದರ್ತೈತಿ. ಶುದ್ಧ ಮಾಡಿ ಇಡ್ರಿ. ನಿಮಗ ಆಗೂದಿಲ್ಲಂದ್ರ ಐಶ್ವರ್ಯಾಗ ಹೇಳ್ತೇನಿ."

"ಮಾಡ್ತೇನ್ರಿ ಸರ್."

ಕೆಲಸಕ್ಕೆ ನಿಂತರೆ ಅವಳ ಕೈ ಅವಳನ್ನು ಕೇಳುತ್ತಿರಲಿಲ್ಲ. ಮೊದಲು ಕಿಟಕಿ ತೆರೆದಳು. ಸಾಲಾಗಿದ್ದ ಬರ್ನರುಗಳ ಗ್ಯಾಸ್ ಬಂದ್ ಇದೆಯೋ ಇಲ್ಲವೋ ಒಂದೊಂದಾಗಿ ಮುಟ್ಟಿ ನೋಡಿದಳು. "ಅಲ್ಕೋಹಾಲಿನ ಆವಿ ನಿಮ್ಮ ಕಣ್ಣಿಗೆ ಕಾಣೂದಿಲ್ಲ, ಬೆಂಕಿ ಕಣ್ಣಿಗೆ ಮಾತ್ರ ಛಲೋ ಕಾಣ್ತೈತಿ" ಎಂದು ಅವಳು ವರ್ಷದ ಮೊದಲ ದಿನವೇ ಹುಡುಗರನ್ನು ಹೆದರಿಸಿಡುತ್ತಿದ್ದಳು. ಕನ್ನಡಕ, ಕೋಟು ಹಾಕಿಕೊಂಡಳು. ಬಾಟಲಿಯ ಪುಡಿಯನ್ನೆಲ್ಲ ಶಂಕುವಿನಾಕಾರದ ಗಾಜಿನ ಪಾತ್ರೆಗೆ ಸುರಿದಳು. ಪಿಂಗಾಣಿಯ ಎರಡು ಚೂರನ್ನು ಅದರಲ್ಲಿ ಹಾಕಿದಳು. ಕುದಿ ಹದವಾಗಿ ಏಳಲು ಆ ಚೂರು ಬೇಕು, ಆದರೆ ತಣ್ಣಗಿದ್ದಾಗಲೇ ಹಾಕಬೇಕು. ಕುದಿಯಲು ಕಾದು ನಿಂತ ದ್ರವಕ್ಕೆ ಕಲ್ಲು ಹಾಕಿದರೆ ಅದು ಸಿಡಿದು ಮುಖಕ್ಕೇ ಬರುತ್ತದೆ. ಮನುಷ್ಯರ ವಿಷಯದಲ್ಲೂ ಇದು ಸುಳ್ಳಲ್ಲ, ಇರಲಿ.

ನೀರು ಬೆರೆಸಿದ ಅಲ್ಕೋಹಾಲನ್ನು ಬಿಸಿನೀರಿನ ತೊಟ್ಟಿಯಲ್ಲಿ ಕಾಯಿಸಿ ಸ್ವಲ್ಪಸ್ವಲ್ಪವೇ ಹುಯ್ದಳು. ಪುಡಿ ಕರಗುವಷ್ಟೇ, ಅದಕ್ಕಿಂತ ಹನಿ ಹೆಚ್ಚಿಲ್ಲ. ಕರಗಿದ್ದು ಚಹಾದ ಬಣ್ಣವಾಗಿತ್ತು. ಪಾತ್ರೆಯನ್ನು ಕೆಳಗಿಳಿಸಿ, ಕುದಿ ಅಡಗುವ ತನಕ ಕಾದು, ಬಣ್ಣ ಹೀರುವ ಇದ್ದಿಲ ಪುಡಿಯನ್ನು ಚಿಟಿಕೆ ಹಾಕಿದಳು. ಮತ್ತೆ ಕಾಯಿಸಿದಳು. ಬಿಸಿಬಿಸಿಯಾಗಿಯೇ ಮಡಿಕೆ ಮಡಿಕೆಯಾಗಿ ಮಡಿಸಿದ ಸೋಸುಕಾಗದದ ಮೇಲೆ ಹುಯ್ದಳು. ಕೆಳಗೆ ಇಳಿದದ್ದು ಬಾವಿಯ ನೀರಿನಷ್ಟು ತಿಳಿ. ಅದರ ಬಾಯಿಗೆ ಗಾಜಿನ ತಟ್ಟೆ ಮುಚ್ಚಿ, ಅಲುಗಾಡಿಸದೆ ಒಂದು ಕಡೆ ಇಟ್ಟಳು. ಇನ್ನು ಅದು ತಾನಾಗಿ ತಣಿಯಬೇಕು, ತಣಿಯುತ್ತ ಹರಳು ಕಟ್ಟಬೇಕು. ಕೊಳೆ ನೀರಿನಲ್ಲೇ ಉಳಿದು, ಹರಳು ಮಾತ್ರ ಶುದ್ಧವಾಗಿ ಕೆಳಗಿಳಿಯಬೇಕು.

ಇಳಿಯಲಿಲ್ಲ.

ಊಟದ ಹೊತ್ತು ಮುಗಿಯಿತು. ಪಾತ್ರೆ ಕೈಗೆ ತಣ್ಣಗಾಯಿತು, ದ್ರಾವಣ ತಿಳಿಯಾಗಿಯೇ ಇತ್ತು. ಇನ್ನಷ್ಟು ಕಾಯಿಸಿ ಅಲ್ಕೋಹಾಲು ಹೋಗಿಸಿ ಮತ್ತೆ ತಣಿಸಿದಳು. ಬರ್ಫದ ತಟ್ಟೆಯಲ್ಲಿಟ್ಟಳು. ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆದಳು, ಆ ಗೀರಿನ ಮೇಲಾದರೂ ಹರಳು ಹಿಡಿಯಲಿ ಎಂದು. ದ್ರಾವಣ ಸುಮ್ಮನೆ ಅವಳನ್ನು ನೋಡುತ್ತ ಕೂತಿತು, ಅವಳೂ ಅದನ್ನು ನೋಡುತ್ತ ಕೂತಳು. ನಾಳೆಯ ಪರೀಕ್ಷೆ ನಿಂತು ಹೋದೀತು, ತನ್ನ ನೌಕರಿಗೂ ಕುತ್ತು ಬಂದೀತು ಎಂದು ಲೆಕ್ಕ ಹಾಕಿದಳು. ಹೆದರಿಕೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಐಶ್ವರ್ಯ ಬಂದಳು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ತನ್ನ ಡಬ್ಬಿ ಇಟ್ಟು, ಕನ್ನಡಕ ಹಾಕಿಕೊಂಡೇ ಒಳಗೆ ಕಾಲಿಟ್ಟಳು. ಈ ಕೋಣೆಯೊಳಗೆ ಡಬ್ಬಿಯಿರಲಿ, ಕುಡಿಯುವ ನೀರನ್ನೂ ತರುವ ಹಾಗಿಲ್ಲ ಎಂಬುದು ರಾಜಶ್ರೀಯದೇ ಕಾನೂನು. ಐಶ್ವರ್ಯ ಇದೇ ವಿಭಾಗದ ಇನ್ನೊಬ್ಬ ಅತಿಥಿ, ವಯಸ್ಸಿನಲ್ಲಿ ಚಿಕ್ಕವಳು, ಊರೂ ಒಂದೇ. ಆದರೆ ಅವಳು ಮಹಾಲಿಂಗಪ್ಪನವರ ಮೊಮ್ಮಗಳು, ಊರ ಮುಂದಿನ ದೊಡ್ಡ ಮನೆಯವಳು. ಆ ಮನೆಯ ಹೊಲದಲ್ಲಿ ಭರಮವ್ವ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಮುದುಕಿಯಾದಳು. ಆ ಮನೆಯ ಹಿತ್ತಲ ಗೂಡಿನಲ್ಲಿ ಅವಳ ಚಹಾಕ್ಕೆ ಬೇರೆ ಲೋಟವಿತ್ತು. ಈ ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬರುವವರು, ಕಾಲೇಜಿನ ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತು ಉಣ್ಣುವವರು. ಡಬ್ಬಿ ಮಾತ್ರ ಹಂಚಿಕೊಂಡವರಲ್ಲ. ಊರಿನ ಸ್ಟಾಪಿನಲ್ಲಿ ಇಳಿದರೆ ಒಬ್ಬಳು ಈ ಕಡೆ, ಒಬ್ಬಳು ಆ ಕಡೆ. ರೂಢಿಯಾದದ್ದಕ್ಕೆ ಯಾರೂ ಹೆಸರಿಡುವುದಿಲ್ಲ.

"ಏನಾತ್ರಿ ರಾಜಕ್ಕ?"

"ಬರವಲ್ದು."

"ನೀರು ಜಾಸ್ತಿ ಆಗಿರಬೇಕ್ರಿ."

"ಇಲ್ಲ, ಕಾಸಿ ಇಳಿಸೇನಿ. ಒಳಗ ತುಂಬಿ ನಿಂತೈತಿ. ಆದ್ರೂ ಹೊರಗ ಬರವಲ್ದು."

"ಮತ್ತ ಹೆಪ್ಪ ಹಾಕ್ರಲ್ಲ."

ಪುಸ್ತಕದಲ್ಲಿ ಅದಕ್ಕೆ ಬೀಜದ ಹರಳು ಎಂದಿದೆ. ದ್ರಾವಣ ಹಟ ಹಿಡಿದು ಕೂತಾಗ ಅದೇ ವಸ್ತುವಿನ ಒಂದು ಚೂರನ್ನು ಒಳಗೆ ಬಿಟ್ಟರೆ ಸಾಕು, ಅದನ್ನು ಹಿಡಿದು ಉಳಿದದ್ದೆಲ್ಲ ಹರಳಾಗುತ್ತದೆ. ಅದಕ್ಕೇ ಮೊದಲೇ ಚಿಟಿಕೆ ಪುಡಿ ತೆಗೆದಿಡಬೇಕು. ರಾಜಶ್ರೀ ಕ್ಲಾಸಿನಲ್ಲಿ ಅದನ್ನು ಹೆಪ್ಪು ಎನ್ನುತ್ತಿದ್ದಳು. ಆ ಒಂದು ಶಬ್ದಕ್ಕೆ ಹಿಂದಿನ ಬೆಂಚಿನವರಿಗೂ ತಲೆಗೆ ಹೋಗುತ್ತಿತ್ತು. ಕಲಿಸಿದವಳೇ ಮರೆತಿದ್ದಳು.

"ಇಟ್ಟಿಲ್ಲ" ಎಂದಳು. "ಎಲ್ಲಾ ಹಾಕಿಬಿಟ್ಟೆ. ಬಾಟ್ಲಿ ಸೈತ ತೊಳದು ಹಾಕಿದೆ."

"ಇರ್ಲಿ ಬಿಡ್ರಿ, ಯಾರಿಗರ ಆಕ್ಕೈತಿ."

"ಯಾರಿಗೂ ಆಗೂದಿಲ್ಲ. ನನಗ ಆಕ್ಕೈತಿ. ಎಲ್ಲಾ ಚೆಲ್ಲೂದು, ಎಲ್ಲಾ ತೊಳಿಯೂದು. ಅದೊಂದ ಕಲ್ತೇನಿ ನಾ." ರಾಜಶ್ರೀಯ ದನಿ ಏರಲಿಲ್ಲ, ಹಾಜರಿ ಕರೆಯುವ ದನಿಯಲ್ಲೇ ಹೇಳುತ್ತ ಹೋದಳು. "ಅವ್ವನ ಹೆಪ್ಪೂ ಹಿಂಗ ಮಾಡಿದೆ. ಗಡಿಗಿಗೆ ಸೋಪ್ ಹಾಕಿ ತಿಕ್ಕಿದೆ. ಈಗ ಅಪ್ಪ ಮಸರು ಮೂಸಿ ಮೂಸಿ ಇಡ್ತಾನ. ಉಣ್ಣವಲ್ಲ. ಯಾವ ಮನೀದು ತಂದು ಹಾಕಿದ್ರೂ ಅದು ಆ ಮನೀ ಮಸರು ಆಕ್ಕೈತಿ, ನಮ್ಮದಾಗವಲ್ದು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು."

ಐಶ್ವರ್ಯ ಗಾಜಿನ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ, ಒಂದು ಹನಿಯನ್ನು ಗಾಜಿನ ತಟ್ಟೆಯ ಮೇಲೆ ಬಿಟ್ಟು ಕಿಟಕಿಯ ಗಾಳಿಗೆ ಇಟ್ಟಳು. ಹನಿ ಒಣಗಿದರೆ ಒಂದು ಚೂರಾದರೂ ಉಳಿದೀತು, ಅದೇ ಹೆಪ್ಪಾದೀತು. ಇಬ್ಬರೂ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತರು. ಹನಿಯ ಅಂಚು ಮೆಲ್ಲಗೆ ಒಣಗತೊಡಗಿತು.

"ರಾಜಕ್ಕ, ಒಂದ್ ಮಾತ ಐತ್ರಿ. ನಮ್ಮ ಆಯಿ ಯಾರ ಮುಂದೂ ಹೇಳಬ್ಯಾಡ ಅಂದಾಳ."

ಆಯಿ ಎಂದರೆ ಐಶ್ವರ್ಯಳ ಅಜ್ಜಿ, ಸಿದ್ದವ್ವ. ಭರಮವ್ವನ ಮಣ್ಣಿನ ದಿನ ಆ ಮುದುಕಿ ಬಂದು ಅಂಗಳದ ಆಚೆಯೇ ನಿಂತಿದ್ದಳು. ಚಹಾ ಕೊಡಹೋದರೆ ಬೇಡವೆಂದು ಕೈಯಾಡಿಸಿದ್ದಳು. ರಾಜಶ್ರೀಗೆ ನೆನಪಿತ್ತು.

"ಹೇಳಬ್ಯಾಡ ಅಂದ್ರ ಹೇಳಬ್ಯಾಡ."

"ಹೇಳ್ತೇನ್ರಿ. ಆಯಿ ಸೊಸಿಯಾಗಿ ಬಂದ ಹೊಸದ್ರಾಗಂತ. ಬೆಕ್ಕು ಮಸರಿನ ಗಡಿಗಿ ಕೆಡವಿ ಹೆಪ್ಪಿಗೂ ಏನೂ ಉಳೀಲಿಲ್ಲಂತ. ಮರುದಿನ ಮನಿಗೆ ಮಂದಿ ಬರಾವ್ರು. ದೀಪ ಹಚ್ಚಿದ ಮ್ಯಾಲ ಯಾರ ಮನ್ಯಾಗೂ ಹೆಪ್ಪ ಕೊಡೂದಿಲ್ಲಲ್ರಿ. ಅತ್ತಿ ಬೈತಾಳಂತ ಆಯಿ ಹಿತ್ತಲದಾಗ ಅಳಕೋತ ನಿಂತಿದ್ಳಂತ. ನಿಮ್ಮವ್ವ ಮೇವಿನ ಹೊರಿ ಹೊತ್ಕೊಂಡು ಬಂದ್ರಂತ. ಏನಾತ್ರೆವ್ವ ಅಂತ ಕೇಳಿ, ತಮ್ಮ ಬುತ್ತಿ ಡಬ್ಬಿ ಬಿಚ್ಚಿ ತಳದಾಗಿನ ಮಸರು ತೋರ್ಸಿದ್ರಂತ. ನಮ್ಮದು ನಿಮ್ಮಲ್ಲಿ ನಡಿಯೂದಿಲ್ಲಲ್ರಿ ಅಂದ್ರಂತ. ಹಾಲಿಗೇನ್ ತಿಳೀತೈತಿ, ಹಾಕು, ಯಾರ ಮುಂದೂ ಹೇಳಬ್ಯಾಡ ಅಂದ್ಳಂತ ಆಯಿ."

ರಾಜಶ್ರೀ ಹನಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಆವತ್ತಿಂದ ನಮ್ಮ ಮನ್ಯಾಗ ಅದ ನಡದೈತ್ರಿ. ಅಜ್ಜನೂ ಅದನ್ನ ಉಂಡು ಹ್ವಾದ. ಮಠದ ಅಯ್ಯಾರು ಬಂದ್ರ ಅವರಿಗೂ ಅದನ್ನ ಬಡಿಸ್ಯಾರ. ಎಲ್ಲಾರೂ ಸಿದ್ದವ್ವನ ಕೈಯಾಗ ರುಚಿ ಐತಿ ಅಂತಾರ. ನಿಮ್ಮವ್ವ ಹ್ವಾದ ದಿನ ಆಯಿ ಉಣ್ಣಲಿಲ್ರಿ. ಹೆಪ್ಪ ಹಾಕುಮುಂದ ನನ್ನ ಕರದು, ಇದು ಆಕೀದು ಅಂತ ಹೇಳಿದ್ಳು."

ಹನಿ ಪೂರ್ತಿ ಒಣಗಿತ್ತು. ಗಾಜಿನ ಮೇಲೆ ಬೂದಿಯಷ್ಟು ತೆಳ್ಳಗಿನ ಬಿಳಿ ಪೊರೆ ಉಳಿದಿತ್ತು.

"ಆಮ್ಯಾಲೂ ಲೋಟ ಗೂಡಿನ್ಯಾಗ ಇತ್ತಲ್ಲ?" ರಾಜಶ್ರೀ ಕೇಳಿದಳು.

ಐಶ್ವರ್ಯ ತಲೆ ತಗ್ಗಿಸಿದಳು. "ಇತ್ರಿ."

ಸಿಟ್ಟು ಬಂದಿತು. ಅಷ್ಟು ದಿನಗಳಲ್ಲಿ ರಾಜಶ್ರೀಗೆ ಬಂದ ಮೊದಲ ಭಾವನೆ ಅದು, ಕಾಲಿಗೆ ಜೋಮು ಬಿಡುವಾಗಿನ ಚುಚ್ಚಿನ ಹಾಗೆ ಬಂತು. ಅವ್ವ ಹಿತ್ತಲಲ್ಲಿ ಕೂತು ಗೂಡಿನ ಲೋಟದಲ್ಲಿ ಚಹಾ ಕುಡಿಯುವಾಗ, ಗೋಡೆಯ ಆಚೆ ಅವಳದೇ ಹೆಪ್ಪು ನಡುಮನೆಯ ನೆಲುವಿನಲ್ಲಿ ತೂಗುತ್ತಿತ್ತು. ಅವ್ವ ಅದನ್ನು ಮನೆಯಲ್ಲೂ ಹೇಳಲಿಲ್ಲ. ಕೊಟ್ಟ ಮಾತಿಗಾಗಿ ಹೇಳಲಿಲ್ಲವೋ, ಹೇಳಿ ಏನು ಉಪಯೋಗ ಎಂದು ಬಿಟ್ಟಳೋ, ಇನ್ನು ಕೇಳುವುದು ಯಾರನ್ನು?

ಅವಳು ಎದ್ದು ಆ ಪೊರೆಯನ್ನು ಕಡ್ಡಿಯ ತುದಿಯಿಂದ ಕೆರೆದು ದ್ರಾವಣಕ್ಕೆ ಮುಟ್ಟಿಸಿದಳು. ಮೊದಲು ಏನೂ ಇಲ್ಲ. ಆಮೇಲೆ ಆ ಚೂರಿನ ಸುತ್ತ ಒಂದು ಬೆಳ್ಳಗಿನ ಹೂವು ಬಿಟ್ಟಿತು. ಅದರಿಂದ ಇನ್ನೊಂದು, ಮತ್ತೊಂದು. ನೋಡುತ್ತಿದ್ದಂತೆ ಮಿರುಗುವ ತೆಳ್ಳನೆಯ ಹರಳುಗಳು ಸರಸರನೆ ಇಳಿದು ಪಾತ್ರೆಯ ಅರ್ಧಕ್ಕೆ ತುಂಬಿ ನಿಂತವು. ತಿಳಿಯಾಗಿ ಏನೂ ಇಲ್ಲದಂತೆ ಕಂಡದ್ದರೊಳಗೆ ಇಷ್ಟೆಲ್ಲ ಇತ್ತು. ಇಬ್ಬರೂ ಅದನ್ನು ಸೋಸಿ, ಬರ್ಫದಷ್ಟು ತಣ್ಣಗಿನ ದ್ರವದಿಂದ ತೊಳೆದು, ಸೋಸುಕಾಗದದ ನಡುವೆ ಒತ್ತಿ ಒಣಗಲಿಟ್ಟರು. ರಾಜಶ್ರೀ ಒಂದು ಚಿಟಿಕೆಯನ್ನು ಸಣ್ಣ ಶೀಶೆಯಲ್ಲಿ ಬೇರೆಯಾಗಿ ತೆಗೆದಿಟ್ಟಳು. ಉಳಿದ ಅಲ್ಕೋಹಾಲನ್ನು ಮೋರಿಗೆ ಬಿಡದೆ ಅದರ ಡಬ್ಬಕ್ಕೇ ಹಾಕಿ ಮುಚ್ಚಿದಳು, ಕೈ ತೊಳೆದಳು.

ಹೊರಗೆ ಕಟ್ಟೆಯ ಮೇಲೆ ಐಶ್ವರ್ಯ ತನ್ನ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಒಂದೆರಡು ಚಮಚ ಮೊಸರಿತ್ತು.

"ಮಧ್ಯಾಹ್ನ ನಾ ಉಂಡು ಉಳಿಸಿದ್ದು ಐತ್ರಿ. ನಾಳೆ ಮನಿಯಿಂದ ಬ್ಯಾರೆ ತರ್ಲೇನ್ರಿ?"

ಬೇಡ ಎನ್ನಲು ರಾಜಶ್ರೀಗೆ ಬಾಯಿ ತುಂಬ ಮಾತಿತ್ತು. ಬೆಳಗಿನ ಬಟ್ಟಲು ಕಣ್ಣೆದುರು ಬಂತು, ಅಪ್ಪನ ಅಂಗಿ ಬಂತು.

"ನಮ್ಮವ್ವನೂ ಬುತ್ತಿಯಾಗಿಂದ ಕೊಟ್ಟಿದ್ಳಲ್ಲ, ಕೊಡು. ಡಬ್ಬಿ ನಾ ನಾಳೆ ನಿಮ್ಮ ಮನಿಗೇ ತರ್ತೇನಿ. ಮುಂದಿನ ಬಾಗಲಕ್ಕ."

ಐಶ್ವರ್ಯ ಡಬ್ಬಿ ಮುಚ್ಚಿ ಅವಳ ಕೈಗಿಟ್ಟಳು. "ಬರ್ರಿ" ಎಂದಳು. "ಬಾಗಲಾ ನಾನ ತಗೀತೇನಿ."

ಬಸ್ಸಿನಲ್ಲಿ ರಾಜಶ್ರೀ ಡಬ್ಬಿಯನ್ನು ಅಡ್ಡಾಗದಂತೆ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತಳು. ಮನೆಗೆ ಬಂದು ಹಾಲು ಕಾಯಿಸಿ, ಬೆರಳು ತಾಳುವಷ್ಟು ಆರಿಸಿ, ತೊಳೆದು ಬೋರಲು ಹಾಕಿದ್ದ ಅದೇ ಗಡಿಗೆಗೆ ಹುಯ್ದಳು. ಡಬ್ಬಿಯ ತಳವನ್ನು ಚಮಚದಿಂದ ಬಳಿದು ಹಾಕಿ, ಮೇಲೆ ಬಟ್ಟೆ ಮುಚ್ಚಿ ನೆಲುವಿಗೆ ಏರಿಸಿದಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಗುತ್ತೆಪ್ಪ ಎಂದಿನಂತೆ ತಾಟಿನ ಮುಂದೆ ಕೂತು ಬಟ್ಟಲನ್ನು ಮೂಗಿನ ಹತ್ತಿರ ತಂದ. ಮೂಸಿದ. ಕೆಳಗಿಡಲಿಲ್ಲ. ಇನ್ನೊಮ್ಮೆ ಮೂಸಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಚಿಟಿಕೆ ಉಪ್ಪು ಉದುರಿಸಿಕೊಂಡು ರೊಟ್ಟಿ ಮುರಿದ. ಒಂದು ರೊಟ್ಟಿ ಮುಗಿಯಿತು. ಇನ್ನೊಂದಕ್ಕೆ ತಾನೇ ಕೈ ಚಾಚಿದ. ಅದು ಮುಗಿಯುತ್ತಿರುವಾಗ ತಲೆಯೆತ್ತದೆ ಕೇಳಿದ:

"ಇದನ್ನ ಆಕಿ ಯಾವಾಗ ಹೆಪ್ಪ ಹಾಕಿ ಹ್ವಾದ್ಳು?"

ರಾಜಶ್ರೀ ಉತ್ತರ ಕೊಡಲು ಬಾಯಿ ತೆರೆದಳು. ಬಂದದ್ದು ಮಾತಲ್ಲ. ಒಲೆಯ ಮುಂದೆ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದೆ, ಹಿತ್ತಲ ತನಕ ಕೇಳುವಂತೆ ಅತ್ತಳು. ನೆರೆಮನೆಯ ಶಾರವ್ವ ಬಂದು ಬಾಗಿಲಲ್ಲಿ ಇಣುಕಿ, ಒಳಗೆ ಬರದೆ ಹಾಗೇ ಹೋದಳು. ಗುತ್ತೆಪ್ಪ ಮಗಳನ್ನು ತಡೆಯಲಿಲ್ಲ. ಅವನ ಕಣ್ಣಿಂದಲೂ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯೆಲ್ಲ ಮೊಸರಾಗಿತ್ತು.

ಅವಳ ಬಿಕ್ಕು ಇಳಿದ ಮೇಲೆ ಕೇಳಿದ.

"ಹೆಪ್ಪಿಗೆ ತಗದಿಟ್ಟೀ ಇಲ್ಲ?"

"ಇಟ್ಟೇನಪ್ಪ" ಎಂದಳು. ಅವನಿಗೆ ಬಡಿಸುವ ಮುಂಚೆಯೇ ಒಂದು ಚಮಚವನ್ನು ಬೇರೆ ಬಟ್ಟಲಲ್ಲಿ ತೆಗೆದು ಮುಚ್ಚಿಟ್ಟಿದ್ದಳು. ಎದ್ದು ಮುಖ ತೊಳೆದುಕೊಂಡಳು. ಐಶ್ವರ್ಯಳ ಡಬ್ಬಿಯನ್ನು ಬೆಳಗಿ, ಗಡಿಗೆಯಿಂದ ಅದರ ತುಂಬ ಮೊಸರು ಹಾಕಿ ಮುಚ್ಚಿದಳು. ಕೊಟ್ಟವರ ಡಬ್ಬಿಯನ್ನು ಖಾಲಿ ತಿರುಗಿ ಕೊಡುವ ಪದ್ಧತಿ ಭರಮವ್ವನ ಮನೆಯಲ್ಲಿ ಇರಲಿಲ್ಲ. ಪರೀಕ್ಷೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಡಬ್ಬಿ ಹಿಡಿದು ಊರ ಮುಂದಿನ ದೊಡ್ಡ ಮನೆಯ ಕಡೆಗೆ ನಡೆದಳು.